ಮೋಡದ ಬೆಟ್ಟಕ್ಕೆ ಬಂದ ಕೊಳೆರೋಗ

ಹಿಟ್ಟುತಿಗಣೆಯನ್ನು ಉಳಿಸಬೇಕೆಂದು ಸರ್ಕಾರವೊಂದು ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದೆ ಎಂದರೆ ನಮ್ಮ ಕಾಫಿ ಬೆಳೆಗಾರರು ನಂಬಲಿಕ್ಕಿಲ್ಲ. ದಾಸವಾಳದ ಕುಡಿಗೆ, ಪಪ್ಪಾಯಿ ಕಾಯಿಗೆ, ರೋಬಸ್ಟಾ ಗೊಂಚಲಿಗೆ ಬಿಳಿ ಹಿಟ್ಟು ಮೆತ್ತಿದ ಹಾಗೆ ಕೂರುವ ಆ ಹುಳ ಸಾಯಲಿ ಎಂದು ನಾವು ಸೋಪಿನ ನೀರಿನಿಂದ ಹಿಡಿದು ಏನೇನನ್ನೋ ಹೊಡೆಯುತ್ತೇವೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಮಾತ್ರ ಅದರದೇ ಬಳಗದ ಒಂದು ತಿಗಣೆಗೆ ರಾಜಮರ್ಯಾದೆ. ಹೆಸರು ಸ್ಯೂಡೊಕಾಕಸ್ ಮಾರ್ಕ್‌ಹಾರ್ವೆಯಿ. ಈ ಹೆಸರು ಬಂದದ್ದೇ 2013ರಲ್ಲಿ. ಅದು ಬದುಕುವುದು ಬ್ಯಾಂಕ್ಸಿಯಾ ಮೊಂಟಾನಾ ಎಂಬ ಒಂದೇ ಜಾತಿಯ ಪೊದೆಯ ಮೇಲೆ. ಆ ಪೊದೆ ಬೆಳೆಯುವುದು ಸ್ಟರ್ಲಿಂಗ್ ಬೆಟ್ಟಸಾಲಿನ ಪೂರ್ವ ಭಾಗದ ಕೆಲವೇ ಶಿಖರಗಳ ನೆತ್ತಿಯಲ್ಲಿ. ಪೊದೆ ಹೋದರೆ ತಿಗಣೆಯೂ ಹೋಯಿತು. ಪೊದೆಯನ್ನು ಕೊಲ್ಲುತ್ತಿರುವುದು ಯಾರು ಎಂದು ಕೇಳಿದರೆ ಮಲೆನಾಡಿನವರು ಸ್ವಲ್ಪ ನೆಟ್ಟಗೆ ಕೂರಬೇಕಾಗುತ್ತದೆ: ನಮ್ಮ ಅಡಿಕೆ ಕೊಳೆರೋಗದ ದಾಯಾದಿ.

ಸ್ಟರ್ಲಿಂಗ್ ಬೆಟ್ಟಸಾಲು ಇರುವುದು ಆಸ್ಟ್ರೇಲಿಯಾದ ನೈರುತ್ಯ ಮೂಲೆಯಲ್ಲಿ, ಪರ್ತ್ ನಗರದ ಆಗ್ನೇಯಕ್ಕೆ. ಸುತ್ತ ಗೋಧಿ ಹೊಲ, ಕುರಿ ಮೇಯುವ ಬಯಲು. ನಡುವೆ ದಿಢೀರನೆ ಎದ್ದ ಕಲ್ಲುಬೆಟ್ಟಗಳು, ಪೂರ್ವ-ಪಶ್ಚಿಮವಾಗಿ ಸುಮಾರು 65 ಕಿಲೋಮೀಟರ್. ಎಲ್ಲಕ್ಕಿಂತ ಎತ್ತರದ ಬ್ಲಫ್ ನಾಲ್ ಶಿಖರ ಸುಮಾರು 1,100 ಮೀಟರ್. ನಮ್ಮ ಮುಳ್ಳಯ್ಯನಗಿರಿಗೆ ಹೋಲಿಸಿದರೆ 800 ಮೀಟರ್‌ಗೂ ಹೆಚ್ಚು ಗಿಡ್ಡ. ಆದರೆ ಅಷ್ಟಗಲದ ಬಯಲಿನಲ್ಲಿ ದಕ್ಷಿಣ ಸಮುದ್ರದಿಂದ ಬರುವ ಗಾಳಿಯನ್ನು ತಡೆಯಲು ಇನ್ನೇನೂ ಇಲ್ಲ. ಹಾಗಾಗಿ ಮೋಡಗಳೆಲ್ಲ ಇದಕ್ಕೇ ಬಂದು ತಾಗುತ್ತವೆ. ಆ ನೆಲದ ಮೂಲನಿವಾಸಿಗಳಾದ ನೂಂಗರ್ ಜನ ಬೆಟ್ಟವನ್ನು ಕೋಯಿ ಕ್ಯೆನುನು-ರಫ್ ಎನ್ನುತ್ತಾರೆ. ಈಗ ಭೂಪಟದಲ್ಲಿರುವ ಹೆಸರು 1835ರಲ್ಲಿ ಸರ್ವೆ ಅಧಿಕಾರಿ ಜಾನ್ ಸೆಪ್ಟಿಮಸ್ ರೋ ತನ್ನ ಗವರ್ನರ್ ಜೇಮ್ಸ್ ಸ್ಟರ್ಲಿಂಗ್ ನೆನಪಿಗೆ ಇಟ್ಟದ್ದು. 1913ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಒಟ್ಟು 1,500ಕ್ಕೂ ಹೆಚ್ಚು ಜಾತಿಯ ಹೂಗಿಡಗಳು. ಅದರಲ್ಲಿ 80ಕ್ಕೂ ಹೆಚ್ಚು ಜಾತಿಗಳು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಆದರೆ ನಾನು ಹೇಳಹೊರಟಿರುವುದು ಇಡೀ ಬೆಟ್ಟಸಾಲಿನ ಕತೆಯಲ್ಲ. ಸುಮಾರು 900 ಮೀಟರ್‌ನ ಮೇಲಿನ ಭಾಗದ್ದು ಮಾತ್ರ. ಅಲ್ಲಿ ಮರಗಳಿಲ್ಲ. ಎದೆಮಟ್ಟದ, ಒಂದಕ್ಕೊಂದು ಹೆಣೆದುಕೊಂಡ ಕುರುಚಲು ಪೊದೆಗಾಡು. ಬೇಸಿಗೆಯಲ್ಲಿ ಕೆಳಗಿನ ಬಯಲು ಒಣಗಿ ಬಿರಿಯುವಾಗಲೂ ಮೇಲೆ ಮಂಜು ಕವಿದು ಎಲೆಗಳು ತೊಯ್ದಿರುತ್ತವೆ. ಚಳಿಗಾಲದಲ್ಲಿ ಒಮ್ಮೊಮ್ಮೆ ತೆಳುವಾಗಿ ಹಿಮವೂ ಬೀಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಂಥ ಒಣ ರಾಜ್ಯದಲ್ಲಿ ಅದೇ ಒಂದು ಸುದ್ದಿ. ಇಂಥ ತಂಪು ದ್ವೀಪಗಳೆಲ್ಲ ಸೇರಿದರೂ ಕೆಲವು ನೂರು ಹೆಕ್ಟೇರ್ ಅಷ್ಟೇ. ನಮ್ಮ ಕಡೆಯ ಒಂದು ದೊಡ್ಡ ಕಾಫಿ ಎಸ್ಟೇಟಿನಷ್ಟು ಎನ್ನಿ. ರಾಜ್ಯ ಸರ್ಕಾರ ಈ ಪೊದೆಗಾಡನ್ನು ಇಡಿಯಾಗಿ, ಒಂದು ಸಸ್ಯಸಮುದಾಯವಾಗಿ, ತೀವ್ರ ಅಪಾಯದಲ್ಲಿದೆ ಎಂದು ಘೋಷಿಸಿದೆ. ಹುಲಿ, ಆನೆಯಂಥ ಒಂದೊಂದೇ ಪ್ರಾಣಿಯ ಹೆಸರಿನಲ್ಲಿ ಸಂರಕ್ಷಣೆಯ ಮಾತು ಕೇಳಿ ಅಭ್ಯಾಸವಾದ ನಮಗೆ, ಒಂದು ಪೊದೆಗಾಡಿಗೇ ಇಂಥ ಸ್ಥಾನ ಸಿಗುವುದು ಹೊಸತು. ನನಗಂತೂ ಅದೇ ಸರಿಯಾದ ದಾರಿ ಎನ್ನಿಸುತ್ತದೆ. ಯಾಕೆನ್ನುವುದು ಮುಂದೆ ಗೊತ್ತಾಗುತ್ತದೆ.

ಇಲ್ಲಿನ ಗಿಡಗಳಲ್ಲಿ ಜನ ಹುಡುಕಿಕೊಂಡು ಹೋಗುವುದು ಡಾರ್ವಿನಿಯಾಗಳನ್ನು. ಜೀವವಿಕಾಸದ ಚಾರ್ಲ್ಸ್ ಡಾರ್ವಿನ್‌ನ ಹೆಸರಲ್ಲ ಅದು, ಅವನ ಅಜ್ಜ ಎರಾಸ್ಮಸ್ ಡಾರ್ವಿನ್‌ನದು. ಕುಟುಂಬ ನಮಗೆ ತೀರಾ ಪರಿಚಿತ: ಪೇರಲೆ, ನೇರಳೆ, ಲವಂಗ, ನೀಲಗಿರಿಗಳ ಕುಟುಂಬವೇ. ಕಡ್ಡಿಯಂಥ ಟೊಂಗೆ, ಪುಟ್ಟ ಎಲೆ, ತುದಿಯಲ್ಲಿ ಕೆಳಮುಖವಾಗಿ ತೂಗುವ ಗಂಟೆ. ಹಳದಿ ಗಂಟೆ ಡಾರ್ವಿನಿಯಾ ಕೊಲಿನಾ ಬ್ಲಫ್ ನಾಲ್ ಮತ್ತು ಅದರ ನೆರೆಯ ಶಿಖರಗಳದು. ಡಾರ್ವಿನಿಯಾ ಸ್ಕ್ವಾರೋಸಾ ಗುಲಾಬಿ ಬಣ್ಣದ್ದು, ಅಂಚಿಗೆ ಎಳೆ ಎಳೆಯಾದ ಕುಚ್ಚು. ಬೆಟ್ಟಸಾಲಿನ ಇನ್ನೊಂದು ಕಡೆ, ತಗ್ಗಿನ ಗುಡ್ಡಗಳಲ್ಲಿ ಮತ್ತೊಂದು ಬಣ್ಣ, ಮತ್ತೊಂದು ಜಾತಿ. ಆ ಗಂಟೆಯೊಂದನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ಒಳಗೆ ಇಣುಕಿದರೆ ಗೊತ್ತಾಗುತ್ತದೆ, ಹೂವೆಂದು ನಾವು ನೋಡುತ್ತಿದ್ದದ್ದು ಹೂವೇ ಅಲ್ಲ. ಅವು ಬಣ್ಣ ಬಳಿದುಕೊಂಡ ಎಲೆಗಳು. ನಿಜವಾದ ಹೂಗಳು ಒಳಗೆ ಗುಂಪಾಗಿ ಕೂತಿರುತ್ತವೆ, ಒಂದೊಂದರಿಂದಲೂ ಸೂಜಿಯಂಥ ಶಲಾಕೆ ಹೊರಚಾಚಿರುತ್ತದೆ. ಪರಾಗ ಪುಡಿಯಾಗಿ ಉದುರುವುದಿಲ್ಲ. ಗಿಡ ಅದನ್ನು ಒಂದು ಬಗೆಯ ಎಣ್ಣೆಯಲ್ಲಿ ಕಲಸಿ ಶಲಾಕೆಯ ತುದಿಯ ರೋಮಗಳಿಗೆ ಸವರಿಡುತ್ತದೆ. ಮಕರಂದಕ್ಕೆಂದು ಕೊಕ್ಕು ತೂರಿಸುವ ಹಕ್ಕಿಯ ತಲೆಗೆ ಅದು ಅಂಟಿಕೊಳ್ಳುತ್ತದೆ. ಗಾಳಿ, ತುಂತುರು ನಿಲ್ಲದ ಜಾಗದಲ್ಲಿ ಪರಾಗ ತೊಳೆದು ಹೋಗದಂತೆ ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಹೊಳೆಯದು.

ಬ್ಯಾಂಕ್ಸಿಯಾಗಳ ಕುಟುಂಬವೂ ನಮಗೆ ಅಪರಿಚಿತವಲ್ಲ, ಕೊಡಗು-ಚಿಕ್ಕಮಗಳೂರಿನ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿರುವ ಸಿಲ್ವರ್ ಓಕ್ ಇದೇ ಪ್ರೋಟಿಯೇಸಿ ಕುಟುಂಬದ ಮರ, ಪೂರ್ವ ಆಸ್ಟ್ರೇಲಿಯಾದಿಂದ ಬಂದದ್ದು. ಬ್ಯಾಂಕ್ಸಿಯಾ ಮೊಂಟಾನಾದ ಎಲೆಯಂಚು ಗರಗಸ, ಹೂ ಹಳದಿ. ಅದರ ಜೊತೆಗೆ ಗರಿಯಂಥ ಎಲೆಯ ಬ್ಯಾಂಕ್ಸಿಯಾ ಬ್ರೌನಿ, ಬಿಳಿ ಎಲೆಗಳ ತೆನೆ ಬಿಡುವ ಆಂಡರ್ಸೋನಿಯಾ ಆಕ್ಸಿಲಿಫ್ಲೋರಾ, ನೆಲಕ್ಕೆ ಅಂಟಿ ಹರಡುವ ಪರ್ಸೂನಿಯಾ ಮೈಕ್ರಾಂತೆರಾ, ಲ್ಯೂಕೊಪೋಗನ್ ನಫಾಲಿಯಾಯ್ಡಿಸ್. ಕನ್ನಡದಲ್ಲಿ ಇವಕ್ಕೆ ಹೆಸರಿಲ್ಲ, ಇರುವ ಕಾರಣವೂ ಇಲ್ಲ. ಇವುಗಳ ಪೈಕಿ ಕೆಲವಂತೂ ಕೈಬೆರಳಲ್ಲಿ ಎಣಿಸುವಷ್ಟು ತಾಣಗಳಲ್ಲಿ ಉಳಿದಿವೆ.

ಬ್ಯಾಂಕ್ಸಿಯಾದಂಥವು ಬದುಕುವ ರೀತಿ ವಿಚಿತ್ರ. ಅಲ್ಲಿನ ಮಣ್ಣು ಬಡವೆಂದರೆ ಬಡವು, ರಂಜಕವಂತೂ ಇಲ್ಲವೇ ಇಲ್ಲವೆನ್ನುವಷ್ಟು. ಅದಕ್ಕೇ ಈ ಕುಟುಂಬದ ಗಿಡಗಳು ನೆಲದ ಮೇಲ್ಪದರದಲ್ಲೇ ನವಿರಾದ ಬೇರುಗಳ ದಟ್ಟ ಗೊಂಚಲುಗಳನ್ನು ಬಿಡುತ್ತವೆ. ಆ ಗೊಂಚಲುಗಳು ಆಮ್ಲಗಳನ್ನು ಒಸರಿ, ಮಣ್ಣಿಗೆ ಕಚ್ಚಿಕೊಂಡ ರಂಜಕವನ್ನು ಬಿಡಿಸಿಕೊಂಡು ಹೀರುತ್ತವೆ. ಹಸಿವಿಗೆ ಎಷ್ಟು ಒಗ್ಗಿಹೋಗಿವೆಯೆಂದರೆ ನಾವು ಪ್ರೀತಿಯಿಂದ ಒಂದು ಹಿಡಿ ಡಿಎಪಿ ಹಾಕಿದರೆ ಇವುಗಳಲ್ಲಿ ಎಷ್ಟೋ ಗಿಡಗಳು ಸತ್ತೇ ಹೋಗುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮದ್ದಿನ ಮಾತು ಬಂದಾಗ ಬೇಕಾಗುತ್ತದೆ.

ಈಗ ರೋಗದ ವಿಷಯ. ಫೈಟಾಫ್ತೊರಾ ಸಿನಮೋಮಿ ಎಂಬುದು ಅದನ್ನು ತರುವ ಜೀವಿಯ ಹೆಸರು. ಸುಮಾತ್ರಾದ ದಾಲ್ಚಿನ್ನಿ ಮರಗಳಲ್ಲಿ ಕಂಡು, 1922ರಲ್ಲಿ ಮೊದಲ ಬಾರಿಗೆ ವರ್ಣನೆಯಾದದ್ದು. ರೂಢಿಯಲ್ಲಿ ಶಿಲೀಂಧ್ರ ಎನ್ನುತ್ತೇವಾದರೂ ವಂಶಾವಳಿ ನೋಡಿದರೆ ಸಮುದ್ರದ ಕಂದು ಪಾಚಿಗಳಿಗೆ ಇದು ಹತ್ತಿರ. ನೀರೇ ಇದರ ಮನೆ. ಮಣ್ಣು ಬೆಚ್ಚಗೂ ಒದ್ದೆಯಾಗಿಯೂ ಇದ್ದಾಗ ಇದರಿಂದ ಎರಡು ಬಾಲದ ಸೂಕ್ಷ್ಮ ಬೀಜಾಣುಗಳು ಹೊರಬಿದ್ದು ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ ಈಜುತ್ತವೆ. ಎಳೆ ಬೇರು ಒಸರುವ ರಸದ ವಾಸನೆ ಹಿಡಿದು ಅತ್ತ ಸಾಗುತ್ತವೆ. ಬೇರಿಗೆ ತಾಗಿದ ಮೇಲೆ ಬಾಲ ಉದುರಿಸಿ, ಕವಚ ಕಟ್ಟಿ, ಒಳಗೆ ನುಗ್ಗುತ್ತವೆ. ಬೇರು ಕೊಳೆಯುತ್ತದೆ, ಕೊನೆಗೆ ಸುತ್ತ ನೀರಿದ್ದೂ ಗಿಡ ಬಾಯಾರಿ ಸಾಯುತ್ತದೆ. ನೆಲ ಒಣಗಿತೋ, ದಪ್ಪ ಗೋಡೆಯ ಬೀಜಾಣುಗಳಾಗಿ ಸತ್ತ ಬೇರಿನೊಳಗೇ ಮಲಗಿ ಮುಂದಿನ ಮಳೆಗೆ ಕಾಯುತ್ತದೆ. ಒಮ್ಮೆ ಬಂದ ಜಾಗದಿಂದ ಇದನ್ನು ಹೊರಹಾಕಿದ ಉದಾಹರಣೆಗಳು ತೀರಾ ಅಪರೂಪ, ಅದೂ ಸಣ್ಣ ಸಣ್ಣ ತುಂಡು ನೆಲಗಳಲ್ಲಿ. ಬೆಣ್ಣೆಹಣ್ಣು ಬೆಳೆಯುವ ಬಹುತೇಕ ದೇಶಗಳಲ್ಲಿ ಬೇರುಕೊಳೆಗೆ ಮೊದಲ ಕಾರಣ ಇದೇ. ಈಚೆಗೆ ಮಲೆನಾಡಿನಲ್ಲಿ ಬೆಣ್ಣೆಹಣ್ಣಿನ ಸಸಿ ತರುವವರು ಸಸಿಯ ಜೊತೆ ಬರುವ ಮಣ್ಣನ್ನೂ ಒಮ್ಮೆ ನೋಡುವುದು ಒಳ್ಳೆಯದು.

ನೈರುತ್ಯ ಆಸ್ಟ್ರೇಲಿಯಾದ ಗಿಡಗಳು ಇದನ್ನು ಎಂದೂ ಕಂಡಿರಲಿಲ್ಲ. ಯುರೋಪಿನ ವಲಸಿಗರು ತಂದ ಕುಂಡದ ಮಣ್ಣಿನೊಂದಿಗೆ ಬಂದಿರಬೇಕೆಂಬುದು ವಿಜ್ಞಾನಿಗಳ ಊಹೆ. 1920ರ ದಶಕದಲ್ಲೇ ಅಲ್ಲಿನ ಜಾರಾ ಮರಗಳು ಯಾಕೋ ಒಣಗತೊಡಗಿದ್ದವು. ನಲವತ್ತು ವರ್ಷ ಅದಕ್ಕೊಂದು ಇದಕ್ಕೊಂದು ಕಾರಣ ಹೇಳಿದರು. 1960ರ ದಶಕದ ನಡುವಿನಲ್ಲಿ ಫ್ರ್ಯಾಂಕ್ ಪೊಡ್ಜರ್ ಮತ್ತು ಸಂಗಡಿಗರು ಬೇರಿನಲ್ಲಿ ಕಳ್ಳನನ್ನು ಹಿಡಿದರು. ಆಮೇಲಿನ ಲೆಕ್ಕದಲ್ಲಿ ಆ ಸಸ್ಯಪ್ರಾಂತದ ಸುಮಾರು 5,700 ಜಾತಿಗಳಲ್ಲಿ ಶೇ 40ರಷ್ಟು ಈ ರೋಗಕ್ಕೆ ತುತ್ತಾಗಬಲ್ಲವು ಎಂದು ತಿಳಿಯಿತು.

ಕಾಡಿನಲ್ಲಿ ಇದು ಬೇರಿನಿಂದ ಬೇರಿಗೆ ದಾಟುತ್ತ ವರ್ಷಕ್ಕೆ ಒಂದು ಮೀಟರ್ ಆಸುಪಾಸು ಸಾಗುತ್ತದೆ. ಇಳಿಜಾರಿನಲ್ಲಿ ಹರಿಯುವ ನೀರು ಸಿಕ್ಕರೆ ಒಂದೇ ಮಳೆಯಲ್ಲಿ ಎಷ್ಟು ದೂರ ಬೇಕಾದರೂ. ಆದರೆ ನೀರು ಬೆಟ್ಟ ಹತ್ತುವುದಿಲ್ಲವಲ್ಲ! ಬ್ಲಫ್ ನಾಲ್‌ನ ನೆತ್ತಿಗೆ ರೋಗವನ್ನು ಹೊತ್ತೊಯ್ದದ್ದು ನಡೆದಾಡುವವರು: ಬೂಟಿನ ಅಟ್ಟೆಗೆ, ಡೇರೆಯ ಗೂಟಕ್ಕೆ ಅಂಟಿದ ಮಣ್ಣು. ತಪ್ಪಲಿನ ಕಚ್ಚಾ ರಸ್ತೆ, ಬೆಂಕಿರೇಖೆಗಳ ಕೆಲಸಕ್ಕೆ ಬಂದ ಯಂತ್ರಗಳು ಅದಕ್ಕೆ ಮೊದಲೇ ಸುತ್ತಮುತ್ತ ಹಂಚಿದ್ದವು. ಒಮ್ಮೆ ನೆತ್ತಿಗೆ ಮುಟ್ಟಿದ ಮೇಲೆ ಉಳಿದ ಕೆಲಸವನ್ನು ನೀರೇ ಮಾಡಿತು. ತಮಾಷೆಯೆಂದರೆ, ಈ ಗಿಡಗಳನ್ನು ಬೇಸಿಗೆಯ ಒಣಹವೆಯಿಂದ ಕಾಪಾಡಿದ ಅದೇ ಮೋಡ, ಅದೇ ತುಂತುರು ರೋಗಕ್ಕೂ ಬೇಸಿಗೆಯ ಒದ್ದೆಯನ್ನು ಒದಗಿಸಿತು. ಕೆಳಗೆ ಬಯಲಲ್ಲಾದರೆ ಬಿಸಿಲು ಅದನ್ನು ಕೆಲವು ತಿಂಗಳಾದರೂ ಮಲಗಿಸುತ್ತದೆ. ಮೇಲೆ ಆ ಬಿಡುವಿಲ್ಲ.

ಈಗ ಶಿಖರದಲ್ಲಿ ನಿಂತು ನೋಡುವವರಿಗೆ ಏನೂ ಆಗಿಲ್ಲವೆಂದೇ ತೋರಬಹುದು. ಹಸಿರು ಹಾಗೇ ಇದೆ. ಆದರೆ ಅದು ಬ್ಯಾಂಕ್ಸಿಯಾದ ಹಸಿರಲ್ಲ, ಜೊಂಡಿನ ಜಾತಿಯದು. ರೋಗ ತಾಗದ ಜೊಂಡುಗಳು ಸತ್ತ ಪೊದೆಗಳ ಜಾಗ ಹಿಡಿದಿವೆ. ನಡುನಡುವೆ ನಿಂತ ಬೂದುಬಣ್ಣದ ಒಣಕಡ್ಡಿಗಳು ಹಿಂದೆ ಏನಿತ್ತೆಂದು ಹೇಳುತ್ತವೆ, ಗೊತ್ತಿದ್ದವರಿಗೆ.

ಇಲ್ಲಿ ನಮ್ಮ ಊರಿನ ಕತೆ ಸ್ವಲ್ಪ ಸೇರುತ್ತದೆ. ಪೊಡ್ಜರ್‌ಗಿಂತ ಅರ್ಧ ಶತಮಾನ ಮೊದಲೇ, 1910ರಲ್ಲಿ, ಮೈಸೂರು ಸರ್ಕಾರದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ ತನ್ನ ವರದಿಯನ್ನು ಪ್ರಕಟಿಸಿದ. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವುದಕ್ಕೆ ಫೈಟಾಫ್ತೊರಾ ಕಾರಣವೆಂದು ತೋರಿಸಿ, ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣವನ್ನು ತೋಟಗಳಿಗೆ ತಂದ. ಅಲ್ಲಿಯವರೆಗೆ ಮಲೆನಾಡಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಹನಿ ತಾಗದಂತೆ ಮಾಡುತ್ತಿದ್ದರು. ಕಾರಣ ಗೊತ್ತಿಲ್ಲದಿದ್ದರೂ ನೀರಿನದೇ ಕಿತಾಪತಿ ಎಂಬುದು ಅವರಿಗೆ ತಿಳಿದಿತ್ತು, ಆ ತಿಳಿವು ಸರಿಯಾಗಿಯೇ ಇತ್ತು. ಬೇರಿನ ಕಡೆಯಿಂದ ನೋಡಿದರೆ ಸ್ಟರ್ಲಿಂಗ್‌ನ ರೋಗಕ್ಕೆ ಇನ್ನೂ ಹತ್ತಿರವಾದದ್ದು ಕಾಳುಮೆಣಸಿನ ಶೀಘ್ರ ಸೊರಗು ರೋಗ. ಅದೂ ಇನ್ನೊಂದು ಫೈಟಾಫ್ತೊರಾ. ಅದಕ್ಕೆ ನಮ್ಮ ಬೆಳೆಗಾರರು ಲೀಟರಿಗೆ ಮೂರು ಎಂಎಲ್‌ನಂತೆ ಪೊಟ್ಯಾಸಿಯಂ ಫಾಸ್ಫೋನೇಟ್ ಬೆರೆಸಿ ಬಳ್ಳಿಗೆ ಸಿಂಪಡಿಸಿ ಬುಡಕ್ಕೆ ಹೊಯ್ಯುತ್ತಾರೆ.

ಸ್ಟರ್ಲಿಂಗ್ ಬೆಟ್ಟದ ಮದ್ದೂ ಅದೇ. ಅಲ್ಲಿ ಫಾಸ್ಫೈಟ್ ಎನ್ನುತ್ತಾರೆ, ಬ್ಯಾರಲ್ಲಿನಿಂದ ಪೈಪಿನಲ್ಲಿ ಹೊಡೆಯುವ ಬದಲು ಆಕಾಶದಿಂದ ಸಿಂಪಡಿಸುತ್ತಾರೆ. 1990ರ ದಶಕದ ಕೊನೆಯಿಂದ ಈ ಕೆಲಸ ನಡೆದಿದೆ. ಬೋರ್ಡೊದಂತೆ ಇದು ರೋಗಾಣುವನ್ನು ಹೊರಗಿನಿಂದ ತಡೆಯುವ ಲೇಪವಲ್ಲ. ಎಲೆಯಿಂದ ಒಳಸೇರಿ ಬೇರಿನವರೆಗೆ ಇಳಿದು ಗಿಡದ ಸ್ವಂತ ರಕ್ಷಣೆಯನ್ನು ಚುರುಕುಗೊಳಿಸುತ್ತದೆ. ಮಣ್ಣಿನಲ್ಲಿರುವ ರೋಗ ಅಲ್ಲೇ ಇರುತ್ತದೆ, ಗಿಡ ಕೆಲವು ವರ್ಷ ತಾಳಿಕೊಳ್ಳುತ್ತದೆ, ಮತ್ತೆ ಸಿಂಪಡಿಸಬೇಕು. ಸಿಂಪಡಿಸಿದ ತುಂಡುಗಳಲ್ಲಿ ಅಪರೂಪದ ಗಿಡಗಳು ಉಳಿದವು, ಸಿಂಪಡಿಸದೆ ಬಿಟ್ಟಲ್ಲಿ ಹೋದವು ಎಂಬ ಮಟ್ಟಿಗೆ ಇದರ ಗುಣ ಸಾಬೀತಾಗಿದೆ. ಆದರೆ ನೆಲದೊಳಗೆ ಫಾಸ್ಫೈಟ್ ನಿಧಾನವಾಗಿ ಫಾಸ್ಫೇಟ್ ಆಗುತ್ತದೆ, ಅಂದರೆ ಗೊಬ್ಬರ. ಹಸಿವಿಗೆ ಒಗ್ಗಿದ ಬೇರುಗಳ ಬುಡಕ್ಕೆ ಎರಡು-ಮೂರು ವರ್ಷಕ್ಕೊಮ್ಮೆ ರಂಜಕ ಸುರಿಯುತ್ತ ಹೋದರೆ ಕಡೆಗೇನಾಗುತ್ತದೆ ಎಂಬ ಆತಂಕವನ್ನು ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಹಾನ್ಸ್ ಲ್ಯಾಂಬರ್ಸ್‌ರಂಥ ಸಸ್ಯಶಾಸ್ತ್ರಜ್ಞರು ಬಹಿರಂಗವಾಗಿಯೇ ಹೇಳಿದ್ದಾರೆ. ಬೇರೆ ಮದ್ದು ಸಿಗುವವರೆಗೆ ಇದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ನಿಲ್ಲಿಸಬಾರದು ಕೂಡ.

ಹಾಗಿದ್ದರೆ ಗಿಡಗಳನ್ನೇ ಬೆಟ್ಟದಿಂದ ಇಳಿಸಿಬಿಟ್ಟರೆ? ಅದನ್ನೂ ಮಾಡಿದ್ದಾರೆ. ಪರ್ತ್‌ನ ಕೆನ್ಸಿಂಗ್ಟನ್‌ನಲ್ಲಿ ಅಪಾಯದಂಚಿನ ಸಸ್ಯಗಳ ಬೀಜಕೇಂದ್ರವಿದೆ. ಒಣಗಿಸಿದ ಬೀಜಗಳು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಅಲ್ಲಿ ಕಾದಿವೆ. ಬ್ಯಾಂಕ್ಸಿಯಾ ಬ್ರೌನಿಯ ಎಷ್ಟೋ ತಾಣಗಳು ರೋಗಕ್ಕೆ ಬಲಿಯಾದ ಮೇಲೆ, ಆ ತಾಣಗಳಿಂದ ಮೊದಲೇ ತಂದಿಟ್ಟಿದ್ದ ಬೀಜಗಳನ್ನು ಉಳಿದ ಗಿಡಗಳೊಂದಿಗೆ ಹೋಲಿಸಿ 2015ರಲ್ಲಿ ಒಂದು ಅಧ್ಯಯನ ಬಂತು. ಸತ್ತ ತಾಣಗಳ ಜೊತೆಗೆ ಜಾತಿಯ ತಳಿವೈವಿಧ್ಯವೂ ದೊಡ್ಡ ಪ್ರಮಾಣದಲ್ಲಿ ಸತ್ತಿತ್ತು. ಫ್ರೀಜರಿನಲ್ಲಿ ಉಳಿದದ್ದಷ್ಟೇ ಅದರ ಕುರುಹು. ಬೆಟ್ಟಸಾಲಿನ ದಕ್ಷಿಣದ ಕಾಂಬಲ್ಲಪ್ ಬಳಿ, ರೋಗವಿಲ್ಲದ ನೆಲದಲ್ಲಿ, ಇಂಥ ಗಿಡಗಳ ಬೀಜತೋಟವೊಂದನ್ನು ಎಬ್ಬಿಸಿದ್ದಾರೆ. ಸಾಲು ಹಿಡಿದು ನೆಟ್ಟ ಬ್ಯಾಂಕ್ಸಿಯಾ, ಬೇಲಿ, ನೀರಿನ ಪೈಪು; ನೋಡಿದರೆ ಯಾರದೋ ತೋಟವೇ.

ಗಿಡ ಅಲ್ಲಿ ಚೆನ್ನಾಗಿಯೇ ಬಂತು. ಬಾರದೆ ಹೋದದ್ದು ಅದರ ಪರಿವಾರ. ಮೆಲಿಂಡಾ ಮೊಯಿರ್ ಎಂಬ ಕೀಟಶಾಸ್ತ್ರಜ್ಞೆ ಮತ್ತು ಸಂಗಡಿಗರು ಬೆಟ್ಟದ ಗಿಡ, ಹೀಗೆ ಬೇರೆಡೆ ನೆಟ್ಟ ಗಿಡ ಎರಡರಲ್ಲೂ ಕೀಟಗಳನ್ನು ಹುಡುಕಿ ನೋಡಿದರು. ಮೂಲ ತಾಣದ ಗಿಡಗಳಲ್ಲಿದ್ದ ಎಷ್ಟೋ ಕೀಟಗಳು ನೆಟ್ಟ ಗಿಡಗಳಲ್ಲಿ ಇರಲಿಲ್ಲ. ಬೀಜದಿಂದ ಎದ್ದ ಸಸಿಗೆ ತಿಗಣೆ ತಾನಾಗಿ ಬಂದು ಸೇರೀತು ಹೇಗೆ? ರೆಕ್ಕೆಯಿಲ್ಲದ ಹೆಣ್ಣು ತಿಗಣೆ ಬೆಟ್ಟದಿಂದ ಬಯಲು ದಾಟಿ ಹಾರಿ ಬರುವುದಿಲ್ಲ. ಬ್ಯಾಂಕ್ಸಿಯಾ ಬ್ರೌನಿಯನ್ನೇ ನೆಚ್ಚಿದ ಟ್ರೈಯೋಜಾ ಬರೆಟ್ಟೇ ಎಂಬ ಸಸ್ಯಹೇನಿನ ಪಾಡೂ ಇದೇ. ಜಾತಿಯನ್ನು ಉಳಿಸುವುದೇ ಬೇರೆ, ಪೊದೆಗಾಡನ್ನು ಉಳಿಸುವುದೇ ಬೇರೆ. ಡಬ್ಬಿಯಲ್ಲಿರುವ ಬೀಜಕ್ಕೆ ಹಕ್ಕಿಯಿಲ್ಲ, ಹೇನಿಲ್ಲ, ಮೋಡವಿಲ್ಲ. ಸಮುದಾಯವನ್ನು ಸಮುದಾಯವಾಗಿಯೇ ಕಾನೂನಿನ ಪಟ್ಟಿಗೆ ತಂದದ್ದು ಸರಿಯೆಂದು ನಾನು ಮೊದಲೇ ಹೇಳಿದ್ದು ಇದಕ್ಕೆ. ಪಟ್ಟಿಯಲ್ಲಿ ಗಿಡದ ಹೆಸರಷ್ಟೇ ಇದ್ದಿದ್ದರೆ ಕಾಂಬಲ್ಲಪ್ ತೋಟವನ್ನು ತೋರಿಸಿ, ಉಳಿಸಿದ್ದೇವೆ ಎಂದು ಇಲಾಖೆ ಕೈತೊಳೆದುಕೊಳ್ಳಬಹುದಿತ್ತು.

ಇನ್ನು ಬೆಂಕಿ. ನೈರುತ್ಯ ಆಸ್ಟ್ರೇಲಿಯಾದ ಗಿಡಗಳಿಗೆ ಬೆಂಕಿ ಶತ್ರುವಲ್ಲ. ಬ್ಯಾಂಕ್ಸಿಯಾ ಮೊಂಟಾನಾ ಮರದಂಥ ಗಟ್ಟಿ ಕಾಯಿಗಳಲ್ಲಿ ವರ್ಷಗಟ್ಟಲೆ ಬೀಜ ಕೂಡಿಡುತ್ತದೆ. ಬೆಂಕಿ ಬಂದರೆ ತಾಯಿಗಿಡ ಸತ್ತು, ಕಾಯಿ ಬಾಯ್ಬಿಟ್ಟು, ಬೂದಿಯ ಮೇಲೆ ಬೀಜ ಬಿದ್ದು, ಮಳೆಗೆ ಸಸಿಗಳು ಏಳುತ್ತವೆ. ಎದ್ದ ಸಸಿ ಹೂ ಬಿಡುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ದಶಕ. ಕೈಯಲ್ಲಿ ನಾಲ್ಕು ಕಾಯಿ ಇದೆ ಎನ್ನಲು ಇನ್ನೂ ಕೆಲವು ವರ್ಷ. ಆ ಗಡುವಿನೊಳಗೆ ಎರಡನೆಯ ಬೆಂಕಿ ಬಂದರೆ ವಂಶ ಮುಗಿಯಿತು. 1991ರಲ್ಲಿ ಪೂರ್ವದ ಶಿಖರಗಳಲ್ಲಿ ಬೆಂಕಿ ಬಿತ್ತು, 2000ದಲ್ಲಿ ಮತ್ತೆ, 2018ರ ಮೇ ತಿಂಗಳಲ್ಲಿ ಮತ್ತೆ. 2019ರ ಡಿಸೆಂಬರ್ ಕೊನೆಯಲ್ಲಿ ಸಿಡಿಲಿನಿಂದ ಎದ್ದ ಬೆಂಕಿ ಉದ್ಯಾನದ ಸುಮಾರು 40,000 ಹೆಕ್ಟೇರ್ ಸುಟ್ಟಿತು. 1970ರ ದಶಕದಿಂದ ಆ ಪ್ರಾಂತದ ಚಳಿಗಾಲದ ಮಳೆ ಇಳಿಯುತ್ತಲೇ ಬಂದಿದೆ. ಒಣಗಿದ ಬೆಟ್ಟಕ್ಕೆ ಬೆಂಕಿ ಬೇಗ ಬೇಗ ಬರುತ್ತದೆ. ತಂಪು ಹುಡುಕಿ ಇನ್ನೂ ಮೇಲೆ ಹೋಗೋಣವೆಂದರೆ ನೆತ್ತಿಯ ಮೇಲೆ ನೆತ್ತಿಯಿಲ್ಲ.

ಬೂದಿಯಿಂದ ಎದ್ದ ಸಸಿಗಳಿಗೆ ಇನ್ನೊಂದು ಕಾಟ ಕ್ವೊಕಾದ್ದು. ಸದಾ ನಗುತ್ತಿರುವಂತೆ ಕಾಣುವ, ಪ್ರವಾಸಿಗರ ಸೆಲ್ಫಿಗಳಲ್ಲಿ ಹೆಸರಾದ ಬೆಕ್ಕಿನಳತೆಯ ಕಾಂಗರೂ ಬಂಧು ಅದು. ಸ್ಟರ್ಲಿಂಗ್ ಶಿಖರಗಳಲ್ಲಿ ಅದೂ ಇದೆ, ಮೊಲಗಳ ಜೊತೆ ಸೇರಿ ಎಳೆ ಸಸಿಗಳನ್ನು ಬುಡದವರೆಗೆ ಮೇಯುತ್ತದೆ. ಮೊಲ ಹೊರಗಿನಿಂದ ಬಂದದ್ದು, ಓಡಿಸಬಹುದು. ಕ್ವೊಕಾ ಹಾಗಲ್ಲ, ಅದೇ ಸಂರಕ್ಷಿತ ಪ್ರಾಣಿ. ಒಂದು ಪಟ್ಟಿಯ ಜೀವಿ ಇನ್ನೊಂದು ಪಟ್ಟಿಯ ಗಿಡವನ್ನು ತಿನ್ನುತ್ತಿದ್ದರೆ ಅಧಿಕಾರಿಗಳು ಯಾರ ಪರ ನಿಲ್ಲಬೇಕು? ಸಸಿಗಳ ಸುತ್ತ ತಂತಿಬೇಲಿ ಕಟ್ಟಿದ್ದಾರೆ. ಕಡಿದಾದ ಬಂಡೆಗಳ ನಡುವೆ ಬೇಲಿಯ ಸಾಮಾನು ಸಾಗಿಸಿ ಕಟ್ಟಿದ ಆ ಅಂಗಳಗಳ ಒಳಗೆ ಪೊದೆ ದಟ್ಟ, ಹೊರಗೆ ಮೇಯ್ದ ಬುಡಗಳು.

ಬ್ಲಫ್ ನಾಲ್‌ನ ದಾರಿಯನ್ನೇ ಮುಚ್ಚಿಬಿಡಿ ಎನ್ನುವವರಿದ್ದಾರೆ. ಹೋಗಿಬರಲು ಆರೇಳು ಕಿಲೋಮೀಟರಿನ ಆ ದಾರಿ ರಾಜ್ಯದಲ್ಲೇ ಜನಪ್ರಿಯ. ಆ ದಾರಿ ಮುಚ್ಚಿದರೆ ಆಗುವ ಲಾಭ ಈಗ ಕಡಿಮೆ ಎಂಬುದು ನನ್ನ ಲೆಕ್ಕ, ಯಾಕೆಂದರೆ ಅಲ್ಲಿ ರೋಗ ಬಂದು ದಶಕಗಳಾದವು. ಲಾಭವಿರುವುದು ರೋಗ ಇನ್ನೂ ತಾಗದ ಸಣ್ಣಪುಟ್ಟ ತುಂಡುಗಳಿಗೆ ಯಾರೂ ಕಾಲಿಡದಂತೆ ನೋಡಿಕೊಳ್ಳುವುದರಲ್ಲಿ, ಬೂಟಿನ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯುವ ಬೇಸರದ ಕೆಲಸವನ್ನು ಎಲ್ಲರೂ ಮಾಡುವುದರಲ್ಲಿ. ಕೊನೆಯ ಬೆಂಕಿಗಳ ಬೂದಿಯಲ್ಲಿ ಹುಟ್ಟಿದ ಸಸಿಗಳು ತಮ್ಮ ಮೊದಲ ಬೀಜ ಕಟ್ಟಲು 2030ರ ಆಸುಪಾಸಾಗುತ್ತದೆ. ಅಲ್ಲಿಯವರೆಗೆ ಬೇಲಿ ಬೀಳಬಾರದು, ಮದ್ದಿನ ಸರದಿ ತಪ್ಪಬಾರದು, ಬಜೆಟ್ಟಿನಲ್ಲಿ ಆಕಾಶದಿಂದ ಸಿಂಪಡಿಸುವ ಖರ್ಚಿಗೆ ಕತ್ತರಿ ಬೀಳಬಾರದು. ಬೇಸಿಗೆಯ ಸಿಡಿಲೊಂದು ಆ ಕೆಲವು ನೂರು ಹೆಕ್ಟೇರ್ ಮೇಲೆ ಬಿದ್ದರೆ ಮಾತ್ರ, ಬ್ಯಾಂಕ್ಸಿಯಾ ಮೊಂಟಾನಾದ ಪಾಲಿಗೆ ಉಳಿಯುವುದು ಕಾಂಬಲ್ಲಪ್‌ನ ಸಾಲುಗಳು ಮತ್ತು ಕೆನ್ಸಿಂಗ್ಟನ್‌ನ ಫ್ರೀಜರು.